ಗುದ್ದಿ ಓಡಿದವರಿಗೆ 10 ವರ್ಷ ಜೈಲು: ಈ ಮನವಿಗೆ ಸಹಿ ಹಾಕಬೇಕಾ, ಬೇಡವಾ?

ಶಿರಾ_ಕಡೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ತೀರಿಕೊಂಡಿದ್ದು 2022ರ ನವೆಂಬರ್‌ನಲ್ಲಿ. ಬೆಳಗ್ಗೆ ಆರೂಕಾಲಿಗೆ ಡೈರಿಗೆ ಹಾಲು ಹಾಕಿ ಟಿವಿಎಸ್‌ನಲ್ಲಿ ಮನೆಗೆ ಬರುತ್ತಿದ್ದರು. ಹೈವೇಯಲ್ಲಿ ಅರ್ಧ ಕಿಲೋಮೀಟರ್ ಬಂದು ಊರಿನ ದಾರಿಗೆ ತಿರುಗಬೇಕು, ಅಷ್ಟೇ. ಹಿಂದಿನಿಂದ ಯಾವುದೋ ಗಾಡಿ ಗುದ್ದಿತು. ಟೀ ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರಂತೆ, ಶಬ್ದ ಕೇಳಿ ತಿರುಗುವಷ್ಟರಲ್ಲಿ ಕೆಂಪು ಲೈಟು ಮಾತ್ರ ಕಂಡಿದೆ. ಲಾರಿಯೋ, ಟೆಂಪೋನೋ, ಅದೂ ಗೊತ್ತಿಲ್ಲ. ಹಾಲಿನ ಕ್ಯಾನು ಚರಂಡಿಗೆ ಬಿದ್ದಿತ್ತು. ಮುಚ್ಚಳ ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಕ್ಯಾನು ಈಗಲೂ ನಮ್ಮ ಕೊಟ್ಟಿಗೆಯಲ್ಲಿ ಮಗುಚಿ ಹಾಕಿದ ಹಾಗೇ ಇದೆ, ಅಮ್ಮ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಅಪ್ಪ ಅಲ್ಲೇ ಸಾಯಲಿಲ್ಲ. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಹತ್ತು ಗಂಟೆಗೆ ಹೋದರು. ರಕ್ತ ಜಾಸ್ತಿ ಹೋಗಿಬಿಟ್ಟಿದೆ, ಅರ್ಧ ಗಂಟೆ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರ್ ಹೇಳಿದರು. ಗುದ್ದಿದವನು ನಿಲ್ಲಿಸಿ ತನ್ನ ಗಾಡಿಗೇ ಹಾಕಿಕೊಂಡು ಹೋಗಿದ್ದರೆ? ಮೂರು ವರ್ಷದಿಂದ ನನಗೆ ಇದೊಂದೇ ಯೋಚನೆ. ಗಾಡಿ ಸಿಗಲಿಲ್ಲ. ಕೇಸು ಮುಗಿಸಿದ್ದಾರೆ.

ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನ 2ನೇ ಉಪಕಲಂನಲ್ಲಿ, ಹೀಗೆ ಗುದ್ದಿ ಸಾಯಿಸಿ ಪೊಲೀಸರಿಗೆ ತಿಳಿಸದೆ ಓಡಿದವರಿಗೆ 10 ವರ್ಷದವರೆಗೆ ಜೈಲು ಎಂದು ಬರೆದಿದ್ದಾರೆ. ಮೊದಲು ಇದ್ದದ್ದು ಬರೀ 2 ವರ್ಷ. ಆದರೆ 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಮಾಡಿದ ಮೇಲೆ ಸರ್ಕಾರ ಅದನ್ನು ತಡೆಹಿಡಿಯಿತು. ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗಲೂ ಈ ಒಂದು ಉಪಕಲಂ ಬಿಟ್ಟು ಉಳಿದದ್ದೆಲ್ಲ ಬಂತು. ನನ್ನ ತಮ್ಮ ಈಗ ಊರೂರು ತಿರುಗಿ, ಅದನ್ನು ಜಾರಿ ಮಾಡಿ ಎಂದು ಎಂಪಿಗೆ ಕೊಡಲು ಸಹಿ ಸೇರಿಸುತ್ತಿದ್ದಾನೆ. ನಾನೂ ಜೊತೆಗಿದ್ದೆ. ಪಕ್ಕದ ಮನೆಯ ಅಣ್ಣ, ಲಾರಿ ಓಡಿಸುವವನು, ಅಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವನು, ಹಾಳೆ ನೋಡಿ ವಾಪಸ್ ಕೊಟ್ಟ. "ಇದಕ್ಕೆ ಮಾತ್ರ ಸಹಿ ಹಾಕಲ್ಲ ಕಣವ್ವ, ಬೇಜಾರು ಮಾಡ್ಕೋಬೇಡ" ಎಂದ. ತಮ್ಮ ಅವನ ಜೊತೆ ಮಾತು ಬಿಟ್ಟಿದ್ದಾನೆ. ನನಗೆ ಬಿಡಲು ಆಗುತ್ತಿಲ್ಲ.

ನಿಜವಾಗಿ ಕೇಳುತ್ತಿದ್ದೇನೆ. 2 ವರ್ಷ ಇದ್ದದ್ದು 10 ಆದರೆ ಜನ ನಿಲ್ಲಿಸುತ್ತಾರಾ? ಇಲ್ಲ ಅಂದರೆ ಅದರಿಂದ ಏನಾಗುತ್ತದೆ? ಗೊತ್ತಿರುವವರು ಹೇಳಿ.

---

ರೋಡ್_ರೇಣು

ಇದರಲ್ಲಿ ಕೇಳುವುದೇನಿದೆ ಅಕ್ಕ. ಒಬ್ಬರ ಪ್ರಾಣ ಹೋಗಿದೆ. 10 ವರ್ಷವೂ ಕಡಿಮೆಯೇ. ಮೊದಲು ಸಹಿ ಹಾಕಿ. ಹೆದರಿಕೆ ಇಲ್ಲದೆ ಇರುವುದಕ್ಕೇ ಈ ರೋಡುಗಳು ಹೀಗಾಗಿರುವುದು.

---

ಈರುಳ್ಳಿ_ಲೋಡ್

ತಂಗಿ, ಮೊದಲು ನಿಮ್ಮ ಅಪ್ಪನ ವಿಷಯಕ್ಕೆ ತುಂಬಾ ನೋವಾಯಿತು. ನಾನು ಚಳ್ಳಕೆರೆ ಕಡೆಯವನು, 22 ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ, ಈರುಳ್ಳಿ ಸೀಸನ್‌ನಲ್ಲಿ ಯಶವಂತಪುರ ಮಾರ್ಕೆಟ್ಟಿಗೆ ನಿಮ್ಮ ರೋಡಿನಲ್ಲೇ ಬರುವವನು. ಹಾಗಾಗಿ ಉತ್ತರ ಕೊಡದೆ ಹೋಗಲು ಮನಸ್ಸು ಬರಲಿಲ್ಲ. ಓಡಿದವನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ನಿಮ್ಮ ಪಕ್ಕದ ಮನೆಯವರು ಯಾಕೆ ಸಹಿ ಹಾಕಲಿಲ್ಲ ಎಂದು ನನಗೆ ಗೊತ್ತು, ಅದನ್ನು ಹೇಳುತ್ತೇನೆ.

2017ರಲ್ಲಿ ಒಂದು ಸಂಜೆ, ಇನ್ನೇನು ಕತ್ತಲಾಗುವ ಹೊತ್ತು, ರೋಡ್ ಪಕ್ಕದ ಒಂದು ಊರಿನಲ್ಲಿ ಸೈಕಲ್ ಹುಡುಗ ಒಬ್ಬ ಎಮ್ಮೆ ತಪ್ಪಿಸಲು ಹೋಗಿ ನನ್ನ ಎಡಗಡೆ ಮುಂದಿನ ಚಕ್ರದ ಹತ್ತಿರ ಬಿದ್ದ. ಬ್ರೇಕ್ ತುಳಿದೆ, ಗಾಡಿ ನಿಂತಿತು. ಹುಡುಗನ ಕಾಲು ಮುರಿದಿತ್ತು, ಪ್ರಾಣಕ್ಕೇನೂ ಆಗಿರಲಿಲ್ಲ. ಇಳಿದು ಅವನನ್ನು ಎತ್ತಿಕೊಂಡೆ. ಎತ್ತಿಕೊಂಡ ಕೈಯಲ್ಲಿ ಹುಡುಗ ಇರುವಾಗಲೇ ಹಿಂದಿನಿಂದ ತಲೆಗೆ ಏಟು ಬಿತ್ತು. ಯಾರು ಹೊಡೆದರು ಎಂದು ಇವತ್ತಿಗೂ ಗೊತ್ತಿಲ್ಲ. ಏಳು ಹೊಲಿಗೆ. ಕ್ಲೀನರ್ ಹುಡುಗ ಜೋಳದ ಹೊಲದೊಳಗೆ ಓಡಿ ರಾತ್ರಿಯೆಲ್ಲ ಅಲ್ಲೇ ಕೂತಿದ್ದ. ಮುಂದಿನ ಗಾಜು, ಎರಡೂ ಕನ್ನಡಿ, ಡೀಸೆಲ್ ಟ್ಯಾಂಕಿನ ಮುಚ್ಚಳ ಎಲ್ಲ ಹೋಯಿತು. ಬಿಡಿಸಿದ್ದು ಆ ಹುಡುಗನ ಅಜ್ಜಿ. "ನಿಲ್ಸವನೆ ಕಣ್ರೋ, ಬಿಡ್ರೋ" ಎಂದು ನನ್ನ ಮೇಲೆ ಅಡ್ಡ ಬಿದ್ದರು.

ಅವತ್ತಿನಿಂದ ನಮ್ಮ ಕಡೆ ಹೊಸ ಡ್ರೈವರ್‌ಗಳಿಗೆ ಹೇಳುವುದು ಒಂದೇ: ಏನಾದರೂ ಆದರೆ ಅಲ್ಲಿ ನಿಲ್ಲಬೇಡ, ಸೀದಾ ಮುಂದಿನ ಠಾಣೆಗೆ ಹೋಗಿ ಗಾಡಿ ನಿಲ್ಲಿಸು. ಕೆಲವರು ಠಾಣೆಗೆ ಹೋಗುತ್ತಾರೆ. ಕೆಲವರು ಠಾಣೆ ದಾಟಿಯೂ ಹೋಗುತ್ತಾರೆ. ಅದು ತಪ್ಪೇ. ಆದರೆ ಆ ಹೊತ್ತಿನಲ್ಲಿ ಮೂರು ಸೆಕೆಂಡು ಇರುತ್ತದೆ ತಂಗಿ. ಆ ಮೂರು ಸೆಕೆಂಡಿನಲ್ಲಿ ಯಾರಿಗೂ ಕಲಂ ನೆನಪಾಗುವುದಿಲ್ಲ. ಜನ ಎಷ್ಟಿದ್ದಾರೆ ಎನ್ನುವುದು ಮಾತ್ರ ಕಾಣುತ್ತದೆ.

ಇನ್ನೊಂದು ಮಾತು. ನಮ್ಮ ಸಂಬಳ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು, ಟ್ರಿಪ್ ಬಾಟಾ ಬೇರೆ. ಸಂಜೆ ಲೋಡ್ ಮಾಡಿಕೊಂಡು ಹೊರಟು ಬೆಳಗಿನ ಹರಾಜಿಗೆ ಮುಟ್ಟಿಸಬೇಕು, ತಡವಾದರೆ ರೇಟು ಬೀಳುತ್ತದೆ, ಆ ನಷ್ಟ ನಮ್ಮ ಬಾಡಿಗೆಯಲ್ಲಿ ಹಿಡಿಯುತ್ತಾರೆ. ನಿದ್ದೆಗೆಟ್ಟು ಓಡಿಸು ಎಂದವನಿಗೆ ಯಾವ ಕಲಮ್ಮೂ ಇಲ್ಲ. ಜೈಲಿಗೆ ಹೋಗುವವನು ಮಾತ್ರ ನಾನು. ಆ ಮುಷ್ಕರದ ಹೊತ್ತಿನಲ್ಲಿ 10 ವರ್ಷ ಜೈಲು, 7 ಲಕ್ಷ ದಂಡ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ನಾವೆಲ್ಲ ಹೆದರಿ ಗಾಡಿ ನಿಲ್ಲಿಸಿದ್ದು ಅದಕ್ಕೇ.

---

ತಾಲ್ಲೂಕು_ವಕೀಲ

7 ಲಕ್ಷದ ಮಾತು ಸುಳ್ಳು ಸುದ್ದಿ. ಕಾನೂನಿನಲ್ಲಿ "ದಂಡ" ಎಂದಷ್ಟೇ ಇದೆ, ಮೊತ್ತ ಇಲ್ಲ. 10 ವರ್ಷ ಎನ್ನುವುದೂ ಗರಿಷ್ಠ, ಎಲ್ಲರಿಗೂ ಹತ್ತು ಎಂದಲ್ಲ. ಅದು ಗೊತ್ತಿಲ್ಲದೆ ಎರಡೂ ಕಡೆಯವರು ಜಗಳ ಆಡುತ್ತಿದ್ದಾರೆ, ಅದಕ್ಕೆ ಮೊದಲು ಹೇಳಿದೆ.

ನಾನು ತಾಲ್ಲೂಕು ಕೋರ್ಟಿನಲ್ಲಿ ಅಪಘಾತ ಪರಿಹಾರದ ಕೇಸುಗಳನ್ನೇ ಜಾಸ್ತಿ ನಡೆಸುವವನು. ಶಿರಾ ಮೇಡಂ, ನಿಮ್ಮ ಅಪ್ಪನ ಎಫ್‌ಐಆರ್‌ನಲ್ಲಿ ಐಪಿಸಿ (ಹಳೆಯ ದಂಡ ಸಂಹಿತೆ) 279, 304(ಎ), ಜೊತೆಗೆ ಐಎಂವಿ ಆಕ್ಟ್ (ಮೋಟಾರು ವಾಹನ ಕಾಯ್ದೆ) 187 ಎಂದು ಇರಬೇಕು ನೋಡಿ. 304(ಎ) ಅಂದರೆ ನಿರ್ಲಕ್ಷ್ಯದಿಂದ ಸಾವು, ಹೆಚ್ಚೆಂದರೆ 2 ವರ್ಷ, ಠಾಣೆಯಲ್ಲೇ ಜಾಮೀನು. ಈ ಕಲಂ ಬ್ರಿಟಿಷರು 1870ರಲ್ಲಿ ಸೇರಿಸಿದ್ದು, ಆಗ ರೋಡಿನಲ್ಲಿ ಎತ್ತಿನ ಗಾಡಿ, ಕುದುರೆ ಗಾಡಿ. ಇದು ಸಾಲದು ಎನ್ನುವ ಮಾತು ಸುಪ್ರೀಂ ಕೋರ್ಟಿನಿಂದಲೇ ಬಂದಿದೆ. 2015ರಲ್ಲಿ ಪಂಜಾಬಿನ ಒಂದು ಕೇಸಿನಲ್ಲಿ ಇಬ್ಬರು ಸತ್ತಿದ್ದರು, ಒಂದು ವರ್ಷದ ಶಿಕ್ಷೆಯನ್ನು ಹೈಕೋರ್ಟ್ 24 ದಿನಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳು ಮಾಡಿ, ಶಾಸನ ಮಾಡುವವರು ಈ ಕಲಂ ಮತ್ತೆ ನೋಡಬೇಕು ಎಂದಿತು. ಹಾಗಾಗಿ ಶಿಕ್ಷೆ ಹೆಚ್ಚಬೇಕು ಎನ್ನುವುದರಲ್ಲಿ ನಿಮ್ಮ ತಮ್ಮನದು ತಪ್ಪು ಮಾತಲ್ಲ. ಹೊಸ ಸಂಹಿತೆಯಲ್ಲಿ ಓಡದೆ ನಿಂತವನಿಗೂ 2 ಇದ್ದದ್ದು 5 ವರ್ಷ ಆಗಿದೆ, ಅದು ಜಾರಿಯಲ್ಲೂ ಇದೆ.

ಆದರೆ 106(2) ಬರೆದ ರೀತಿಯಲ್ಲಿ ದೋಷ ಇದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಏನು ಹೇಳುತ್ತದೆ? ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಬೇಕು, ಗುಂಪು ರೊಚ್ಚಿಗೆದ್ದು ಅದು ಸಾಧ್ಯವೇ ಇಲ್ಲದಿದ್ದರೆ ಬಿಡಬಹುದು, ಪೊಲೀಸರಿಗೆ ತಿಳಿಸಲು 24 ಗಂಟೆ ಸಮಯ. ಈರುಳ್ಳಿ ಅಣ್ಣ ಹೇಳಿದ ಪರಿಸ್ಥಿತಿಯನ್ನು ಆ ಕಾಯ್ದೆ ಬರೆದವರು ಯೋಚನೆ ಮಾಡಿದ್ದಾರೆ. 106(2)ರಲ್ಲಿ ಗುಂಪಿನ ಮಾತೇ ಇಲ್ಲ. ಘಟನೆಯಾದ ಕೂಡಲೇ ಪೊಲೀಸ್ ಅಧಿಕಾರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪಾರಾದರೆ ಅಪರಾಧ. ಕೂಡಲೇ ಅಂದರೆ ಎಷ್ಟು ಹೊತ್ತು? ತುರ್ತು ನಂಬರ್ 112ಕ್ಕೆ ಫೋನ್ ಮಾಡಿದರೆ ಸಾಕಾ? ಬರೆದಿಲ್ಲ. ಜಾಮೀನು ಸಿಗದ ಅಪರಾಧ ಬೇರೆ. ಇಂಥ ಅರೆಬರೆ ಮಾತಿನ ಮೇಲೆ 10 ವರ್ಷ ಕೂರಿಸಿದರೆ, ವಕೀಲ ಇಡಲು ಶಕ್ತಿ ಇದ್ದವನು ಆ ಸಂದಿನಲ್ಲಿ ಆಚೆ ಬರುತ್ತಾನೆ, ಬಡ ಡ್ರೈವರ್ ಮೂರು ತಿಂಗಳು ಒಳಗೆ ಕೂರುತ್ತಾನೆ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ಇನ್ನೂ ತೀರ್ಪೇ ಆಗದ ವಿಚಾರಣಾಧೀನ ಕೈದಿಗಳು. ಶಿಕ್ಷೆ ಹೆಚ್ಚಿಸುವುದಕ್ಕೆ ನಾವು ಕೊಡುವ ಬೆಲೆಯಲ್ಲಿ ಇದೂ ಒಂದು.

ಇನ್ನು ನಿಮಗೆ ಯಾರೂ ಹೇಳಿರಲಾರದ ವಿಷಯ. ದಯವಿಟ್ಟು ಗಮನ ಕೊಟ್ಟು ಓದಿ.

ಗುದ್ದಿದವನು ಓಡಿದ್ದರಿಂದ ನಿಮಗೆ ಆಗಿರುವುದು ಎರಡು ನಷ್ಟ. ಅಪ್ಪನ ಜೊತೆಗೆ ಪರಿಹಾರವೂ ಹೋಗಿದೆ. ಗಾಡಿ ಸಿಕ್ಕಿದ್ದರೆ ಅದರ ಇನ್ಶೂರೆನ್ಸ್ ಮೇಲೆ ಕೇಸು ಹಾಕಬಹುದಿತ್ತು. ಅಪ್ಪನಿಗೆ 52 ವಯಸ್ಸು, ತಿಂಗಳ ದುಡಿಮೆ 15,000 ಎಂದು ಇಟ್ಟುಕೊಳ್ಳಿ. ಮುಂದಿನ ದುಡಿಮೆಗೆಂದು ಶೇ. 10 ಸೇರಿಸಿದರೆ 16,500. ವರ್ಷಕ್ಕೆ 1,98,000. ಅವರ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದರೆ 1,32,000. ಆ ವಯಸ್ಸಿಗೆ 11ರಿಂದ ಗುಣಿಸುತ್ತಾರೆ. 14,52,000. ಅಂತ್ಯಕ್ರಿಯೆ ಇತ್ಯಾದಿ ಅದರ ಮೇಲೆ. ಗಾಡಿ ಸಿಗದಿದ್ದರೆ? ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಪ್ರಕಾರ ಸಾವಿಗೆ 2 ಲಕ್ಷ. ಅಷ್ಟೇ. ಅದೂ 2022ರ ಏಪ್ರಿಲ್‌ಗೆ ಮೊದಲು 25,000 ಇತ್ತು.

ಆ 2 ಲಕ್ಷಕ್ಕೆ ನೀವು ಅರ್ಜಿ ಹಾಕಿದ್ದೀರಾ? ಗಾಡಿ ಒಂದು ತಿಂಗಳಲ್ಲಿ ಪತ್ತೆಯಾಗದಿದ್ದರೆ ಈ ಯೋಜನೆ ಬಗ್ಗೆ ಮನೆಯವರಿಗೆ ಪೊಲೀಸರೇ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಹೇಳಿದೆ. ನಿಮ್ಮದು ಅದಕ್ಕೂ ಮೊದಲಿನದು, ತಿಳಿಸಿರಲಿಕ್ಕಿಲ್ಲ. ನಾಳೆಯೇ ಎಫ್‌ಐಆರ್, ಪಿಎಂ (ಮರಣೋತ್ತರ ಪರೀಕ್ಷೆ) ರಿಪೋರ್ಟ್, ಗಾಡಿ ಪತ್ತೆಯಾಗಲಿಲ್ಲ ಎಂದು ಕೇಸು ಮುಗಿಸಿ ಠಾಣೆಯವರು ಕೋರ್ಟಿಗೆ ಕೊಟ್ಟ ಸಿ ರಿಪೋರ್ಟ್, ಎಲ್ಲರ ಆಧಾರ್, ಅಮ್ಮನ ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಅವರು ಎಸಿ ಕಚೇರಿ ಎಂದರೆ ಅಲ್ಲಿಗೆ ಹೋಗಿ. ಕೊನೆಗೆ ಮಂಜೂರು ಮಾಡುವುದು ಡಿಸಿ. ಮುಂದೆ ಎಂದಾದರೂ ಗಾಡಿ ಸಿಕ್ಕಿ ಪೂರ್ತಿ ಪರಿಹಾರ ಬಂದರೆ ಈ ದುಡ್ಡು ವಾಪಸ್ ಕೊಡಬೇಕಾಗುತ್ತದೆ, ಅದೊಂದು ನೆನಪಿರಲಿ.

ಇನ್ನೊಂದು ಮಾತು, ಕಹಿಯಾದರೂ ಹೇಳಬೇಕು. 106(2) ನಾಳೆಯೇ ಜಾರಿಯಾದರೂ ನಿಮ್ಮ ಅಪ್ಪನ ಕೇಸಿಗೆ ಅದು ತಗಲುವುದಿಲ್ಲ. ಅಪರಾಧ ನಡೆದ ದಿನ ಇದ್ದ ಶಿಕ್ಷೆಗಿಂತ ಜಾಸ್ತಿ ಕೊಡಲು ಸಂವಿಧಾನವೇ ಬಿಡುವುದಿಲ್ಲ. ಬೇರೆಯವರ ಅಪ್ಪಂದಿರಿಗಾಗಿ ನೀವು ಸಹಿ ಸೇರಿಸುತ್ತಿದ್ದೀರಿ. ಅದಕ್ಕೇ ಏನನ್ನು ಕೇಳುತ್ತಿದ್ದೀರಿ ಎನ್ನುವುದು ಮುಖ್ಯ.

---

ನೈಟ್_ಡ್ಯೂಟಿ_ಸಿಸ್ಟರ್

ಹೈವೇ ಪಕ್ಕದ ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಮೇಲಿನ ಇಬ್ಬರ ಮಾತೂ ಓದಿದೆ. ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ.

ನಮ್ಮಲ್ಲಿಗೆ ಬರುವವರಲ್ಲಿ ಗುದ್ದಿದವನೇ ಕರೆದುಕೊಂಡು ಬಂದವರು ಯಾರು, ರೋಡಲ್ಲಿ ಬಿದ್ದಿದ್ದು ಆಮೇಲೆ ಬಂದವರು ಯಾರು ಎಂದು ಬಟ್ಟೆ ನೋಡಿದರೇ ಗೊತ್ತಾಗುತ್ತದೆ. ಬಿದ್ದಿದ್ದವರ ಬಟ್ಟೆಯಲ್ಲಿ ರಕ್ತ ಒಣಗಿ ಅಂಟಿಕೊಂಡಿರುತ್ತದೆ, ಕತ್ತರಿಸಿಯೇ ತೆಗೆಯಬೇಕು, ಅದರಲ್ಲಿ ಮಣ್ಣು, ಇರುವೆ. ಒಂದು ರಾತ್ರಿ ಒಬ್ಬ ಹುಡುಗನ ತೊಡೆಯ ರಕ್ತನಾಳ ಹರಿದಿತ್ತು. ಟವೆಲ್ಲಿನಲ್ಲಿ ಬಿಗಿಯಾಗಿ ಒತ್ತಿ ಹಿಡಿದು ತಂದಿದ್ದರೆ ಸಾಕಿತ್ತು. ಯಾರೂ ಹಿಡಿಯಲಿಲ್ಲ. ಅವನ ವಾಚು ಓಡುತ್ತಿತ್ತು, ಬಿಚ್ಚಿ ಅವರಮ್ಮನ ಕೈಗೆ ಕೊಟ್ಟವಳು ನಾನು.

ಆದ್ದರಿಂದ ಓಡುವುದು ಬೇರೆಯೇ ಒಂದು ಅಪರಾಧ ಎಂದು ಕಾನೂನು ಹೇಳಲೇಬೇಕು. ಗುದ್ದಿದ್ದು ಕೈತಪ್ಪಿ ಆಗಿರಬಹುದು. ಓಡಿದ್ದು ಕೈತಪ್ಪಿ ಅಲ್ಲ. ಮೂರು ಸೆಕೆಂಡಿನ ಗಾಬರಿ ಸರಿ ಅಣ್ಣಾ, ಎರಡು ಕಿಲೋಮೀಟರ್ ಮುಂದೆ ಹೋಗಿ, ಗಾಡಿ ನಿಲ್ಲಿಸಿ, ಒಂದು ಫೋನ್ ಮಾಡಲು ಆಗುವುದಿಲ್ಲವಾ? ಆಗ ಗುಂಪಿಲ್ಲ. ಅಲ್ಲೂ ಫೋನ್ ಮಾಡದವನಿಗೆ ದೊಡ್ಡ ಶಿಕ್ಷೆ ಆಗಲಿ ಎನ್ನುವವಳೇ ನಾನು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 30,486 ಜನ ಹೀಗೆ ಗುದ್ದಿ ಓಡಿದ ಪ್ರಕರಣಗಳಲ್ಲಿ ಹೋದವರು. ಶಿರಾ ಅಕ್ಕನ ಅಪ್ಪನೂ ಆ ಲೆಕ್ಕದಲ್ಲಿದ್ದಾರೆ.

ದಾರಿಯಲ್ಲಿ ಹೋಗುವ ಉಳಿದವರೂ ನಿಲ್ಲಿಸುವುದಿಲ್ಲ, ಪೊಲೀಸ್ ಕಾಟ ಎಂದು ಹೆದರುತ್ತಾರೆ. ನೀವು ಗಾಯಾಳು ಕರೆತಂದರೆ ಹೆಸರು ಹೇಳಲೇಬೇಕು ಎಂದಿಲ್ಲ, ಯಾರೂ ಕೂರಿಸಿಕೊಳ್ಳುವ ಹಾಗಿಲ್ಲ. ಕರ್ನಾಟಕದಲ್ಲಿ ಅದಕ್ಕೆ ಬೇರೆ ಕಾಯ್ದೆಯೇ ಇದೆ, ಕೇಂದ್ರದ ಮೋಟಾರು ಕಾಯ್ದೆಯಲ್ಲೂ 134ಎ ಎಂದು ಸೇರಿಸಿದ್ದಾರೆ. 2025ರ ಮೇಯಿಂದ ರಸ್ತೆ ಅಪಘಾತದವರಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ದುಡ್ಡಿಲ್ಲದೆ ಚಿಕಿತ್ಸೆ ಕೊಡುವ ಯೋಜನೆಯೂ ಇದೆ. ಇದನ್ನು ಹೈವೇ ಊರುಗಳಲ್ಲಿ ಎಷ್ಟು ಜನಕ್ಕೆ ಹೇಳಿದ್ದಾರೆ? ನಿಮ್ಮ ಸಹಿಯ ಹಾಳೆಯ ಹಿಂದುಗಡೆ ಇದನ್ನು ಅಚ್ಚು ಹಾಕಿಸಿ ಹಂಚಿ ಅಕ್ಕ, ಅಷ್ಟಾದರೂ ಆಗಲಿ.

---

ಹಳೇ_ಕಾನ್‌ಸ್ಟೇಬಲ್

ನಾನು ಇಲಾಖೆಯಿಂದ ನಿವೃತ್ತ. ಯಾವ ಠಾಣೆ ಎಂದು ಬರೆಯುವುದಿಲ್ಲ.

ಎಲ್ಲರೂ ಎಷ್ಟು ವರ್ಷ ಎಂದು ಮಾತಾಡುತ್ತಿದ್ದೀರಿ. ಸಿಗದವನಿಗೆ 2 ವರ್ಷವಾದರೇನು, 20 ವರ್ಷವಾದರೇನು? ಓಡುವವನು ಮನಸ್ಸಿನಲ್ಲಿ ಹಾಕುವ ಲೆಕ್ಕ ಒಂದೇ, ನಾನು ಸಿಗುತ್ತೇನಾ ಇಲ್ಲವಾ. ಬೆಳಗಿನ ಜಾವ, ಜನ ಇಲ್ಲ, ಕ್ಯಾಮೆರಾ ಇಲ್ಲ, ಸಿಗಲ್ಲ ಅನಿಸಿದರೆ ಹೋಗುತ್ತಾನೆ.

ಮತ್ತೆ ಹುಡುಕಿದರೆ ಸಿಗುತ್ತಾರೆ. ಸುಮ್ನೆ ಹೇಳುತ್ತಿಲ್ಲ. ಒಂದು ಕೇಸಿನಲ್ಲಿ ನಮಗೆ ಸಿಕ್ಕಿದ್ದು ಹೊಂಗೆ ಮರದ ಬುಡದಲ್ಲಿ ಬಿದ್ದಿದ್ದ ಹಳದಿ ಇಂಡಿಕೇಟರ್ ಚೂರು, ಹೆಬ್ಬೆರಳಿನಷ್ಟು. ಅದರ ಮೇಲೆ ಕಂಪನಿಯ ನಾಲ್ಕು ಅಕ್ಷರ ಇತ್ತು. ಅಂಗಡಿಗೆ ಹೋಗಿ ತೋರಿಸಿದಾಗ ಯಾವ ಮಾಡೆಲ್ ಗಾಡಿ ಎಂದು ಗೊತ್ತಾಯಿತು. ಆಮೇಲೆ ಎರಡೂ ಕಡೆ ಟೋಲ್‌ನಲ್ಲಿ ಆ ಒಂದು ಗಂಟೆಯಲ್ಲಿ ದಾಟಿದ ಅದೇ ಮಾಡೆಲ್ ಗಾಡಿಗಳ ಪಟ್ಟಿ. ಇಪ್ಪತ್ತಮೂರು ಗಾಡಿ. ಒಂದೊಂದಾಗಿ ನೋಡುತ್ತಾ ಹೋದೆವು. ಹದಿನೇಳನೆಯದು ಟಿಂಕರಿಂಗ್ ಅಂಗಡಿಯಲ್ಲಿ ನಿಂತಿತ್ತು, ಎಡಗಡೆ ಹೊಸ ಪೇಂಟು ಇನ್ನೂ ಒಣಗಿರಲಿಲ್ಲ. ಇದಕ್ಕೆ ಇಬ್ಬರು ಹನ್ನೊಂದು ದಿನ ಬೇರೆ ಏನೂ ಮಾಡದೆ ಓಡಾಡಬೇಕಾಯಿತು. ಆ ಇಬ್ಬರನ್ನು ಹನ್ನೊಂದು ದಿನ ಬಿಡುವ ಸಾಹೇಬರು ಇದ್ದರು, ಅದಕ್ಕೆ ಆಯಿತು. ಇಲ್ಲದಿದ್ದರೆ ಬಂದೋಬಸ್ತು, ಜಾತ್ರೆ, ಸಮನ್ಸ್ ಜಾರಿ ಎಂದು ದಿನ ಕಳೆದು ಕೊನೆಗೆ ಸಿ ರಿಪೋರ್ಟ್. ಟೋಲ್‌ನ ರೆಕಾರ್ಡಿಂಗ್ ಬೇಗ ಕೇಳದಿದ್ದರೆ ಅಳಿಸಿಹೋಗುತ್ತದೆ. ಅಮ್ಮಾ, ನಿಮ್ಮ ಅಪ್ಪನ ಕೇಸಿನಲ್ಲಿ ಟೋಲ್ ರೆಕಾರ್ಡಿಂಗ್ ತೆಗೆಸಿದ್ದಾರಾ ಎಂದು ಸಿ ರಿಪೋರ್ಟಿನಲ್ಲಿ ನೋಡಿ.

ಬೆಂಗಳೂರು ಮೈಸೂರು ಹೈವೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಆ ಬೇಸಿಗೆಯಲ್ಲಿ ಎಷ್ಟು ಸಾವು ಎಂದು ಎಲ್ಲರಿಗೂ ನೆನಪಿದೆ. ಆಗ ಯಾವ ಶಿಕ್ಷೆಯನ್ನೂ ಹೆಚ್ಚಿಸಲಿಲ್ಲ. ವೇಗ ಹಿಡಿಯುವ ಕ್ಯಾಮೆರಾ ಬಂತು, ಪೊಲೀಸರು ನಿಂತು ದಂಡ ಹಾಕಿದರು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರನ್ನು ಸರ್ವಿಸ್ ರೋಡಿಗೆ ಕಳಿಸಿದರು. ಸಾವು ಇಳಿಯಿತು. ಬೈಕಿನವರಿಗೆ ತೊಂದರೆ ಆಯಿತು, ಅದೂ ನಿಜ. ಆದರೆ ಸಿಕ್ಕಿಬೀಳುತ್ತೇನೆ ಎಂದು ಖಾತ್ರಿಯಾದರೆ ಕಾರಿನವನು ಕಾಲು ಎತ್ತುತ್ತಾನೆ. ಅದೇ 2019ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ, ಹೆಲ್ಮೆಟ್ ದಂಡ 1,000 ಮಾಡಿದರು, ಜನ ಬೈದರು, ಅದೇ ತಿಂಗಳಲ್ಲಿ 500ಕ್ಕೆ ಇಳಿಸಿದರು. ಆಮೇಲೆ 2023ರಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ನೂರು ಕೋಟಿಗೂ ಜಾಸ್ತಿ ಬಂತು. ಅಂದರೆ ಅಷ್ಟು ದಿನ ಯಾರೂ ಕಟ್ಟೇ ಇರಲಿಲ್ಲ ಅಂತ ಅಲ್ವಾ? ಹಾಳೆ ಮೇಲೆ ದೊಡ್ಡ ಅಂಕಿ ಬರೆಯುವುದು ಸುಲಭ, ವಸೂಲಿ ಮಾಡುವುದು ಕಷ್ಟ.

ಶಿಕ್ಷೆ ಬೇಡ ಎನ್ನುತ್ತಿಲ್ಲ. ಹಿಡಿಯುವ ಕೈಗಳನ್ನು ಹೆಚ್ಚಿಸದೆ ವರ್ಷ ಮಾತ್ರ ಹೆಚ್ಚಿಸಿದರೆ, ಓಡಿದವನು ಇನ್ನೂ ದೂರ ಓಡುತ್ತಾನೆ, ಇನ್ನೂ ಬೇಗ ಪೇಂಟ್ ಮಾಡಿಸುತ್ತಾನೆ. ನನ್ನ ಅನುಭವ ಇದು.

---

ರೋಡ್_ರೇಣು

ಹಾಗಾದರೆ ಪುಣೆಯಲ್ಲಿ ಆಗಿದ್ದಕ್ಕೆ ಏನು ಹೇಳುತ್ತೀರಿ? 2024ರ ಮೇನಲ್ಲಿ 17 ವರ್ಷದ ಹುಡುಗ ಪೋರ್ಷೆ ಕಾರಿನಲ್ಲಿ ಇಬ್ಬರು ಎಂಜಿನಿಯರುಗಳನ್ನು ಸಾಯಿಸಿದ, ಅದೇ ದಿನ ಜಾಮೀನು, 300 ಪದದ ಪ್ರಬಂಧ ಬರಿ ಎಂದರು. ಹೀಗಿರುವಾಗ ಶಿಕ್ಷೆ ಬಿಗಿ ಮಾಡಬೇಡಿ ಎನ್ನುವುದು ಹೇಗೆ? ನನಗೆ ಸಿಟ್ಟು ಬರುತ್ತದೆ.

---

ತಾಲ್ಲೂಕು_ವಕೀಲ

ಸಿಟ್ಟು ನ್ಯಾಯವಾದದ್ದೇ ರೇಣು ಅವರೇ. ಆದರೆ ಆ ಕೇಸನ್ನೇ ಹತ್ತಿರದಿಂದ ನೋಡಿ. ಅವನು ಓಡಿ ತಪ್ಪಿಸಿಕೊಂಡಿರಲಿಲ್ಲ, ಜನ ಅಲ್ಲೇ ಹಿಡಿದರು. ಹಾಗಾಗಿ 106(2) ಜಾರಿಯಲ್ಲಿದ್ದರೂ ಅವನಿಗೆ ಬೀಳುತ್ತಿರಲಿಲ್ಲ. ಅಲ್ಲಿ ಕೆಟ್ಟಿದ್ದು ಶಿಕ್ಷೆಯ ಅಳತೆ ಅಲ್ಲ. ರಕ್ತದ ಸ್ಯಾಂಪಲ್ ಬದಲಿಸಿದ ಆರೋಪದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರೇ ಅರೆಸ್ಟ್ ಆದರು. ಸಾಕ್ಷ್ಯವೇ ಕೆಟ್ಟರೆ 10 ವರ್ಷದ ಕಲಂ ಇದ್ದರೂ ಅದು ಪುಸ್ತಕದಲ್ಲೇ ಉಳಿಯುತ್ತದೆ. ನಮ್ಮ ಕೋರ್ಟಿನಲ್ಲೂ ನೋಡುತ್ತೇನೆ. ಕಣ್ಣಾರೆ ಕಂಡವನು ಆರು ವರ್ಷದ ಮೇಲೆ ಸಾಕ್ಷಿ ಕಟ್ಟೆಗೆ ಬಂದು, "ನಾನು ಆಗ ಟೀ ಕುಡೀತಿದ್ದೆ, ನೋಡಿಲ್ಲ" ಎನ್ನುತ್ತಾನೆ. ಶಿಕ್ಷೆ ದೊಡ್ಡದಾದಷ್ಟೂ ಸಾಕ್ಷಿಯನ್ನು ತಿರುಗಿಸಲು ಮನೆ ಬಾಗಿಲಿಗೆ ಬರುವವರು ಜಾಸ್ತಿ, ಸಂಶಯದ ಲಾಭ ಕೊಡಲು ನ್ಯಾಯಾಧೀಶರ ಮನಸ್ಸೂ ಜಾಸ್ತಿ.

---

ಶಿರಾ_ಕಡೆಯವಳು

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಇಷ್ಟು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ನಾಲ್ಕು ದಿನ ಉತ್ತರ ಕೊಡಲಾಗಲಿಲ್ಲ, ಓಡಾಟದಲ್ಲಿದ್ದೆ.

ಸಿ ರಿಪೋರ್ಟ್ ತೆಗೆಸಿ ನೋಡಿದೆ. ಎರಡು ಪುಟ. ಟೋಲ್ ಎನ್ನುವ ಪದವೇ ಅದರಲ್ಲಿಲ್ಲ. ಟೀ ಅಂಗಡಿಯವರ ಹೇಳಿಕೆ ಇದೆ, ಮಹಜರು ಇದೆ, "ಎಷ್ಟೇ ಪ್ರಯತ್ನಿಸಿದರೂ ವಾಹನ ಪತ್ತೆಯಾಗಿರುವುದಿಲ್ಲ" ಎಂದು ಮುಗಿಸಿದ್ದಾರೆ. ಎಷ್ಟೇ ಪ್ರಯತ್ನಿಸಿದರೂ ಎನ್ನುವ ಆ ಸಾಲನ್ನು ತುಂಬಾ ಹೊತ್ತು ನೋಡುತ್ತಾ ಕೂತೆ. ಮಹಜರಿನಲ್ಲಿ ಹಾಲಿನ ಕ್ಯಾನು ಬರೆದಿದ್ದಾರೆ, ಅಲ್ಯೂಮಿನಿಯಂ, ಐದು ಲೀಟರ್, ಮುಚ್ಚಳವಿಲ್ಲ ಎಂದು.

ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ ವಕೀಲ ಸರ್. ಸ್ವೀಕೃತಿ ಕೊಟ್ಟರು. ಅಮ್ಮನಿಗೆ 2 ಲಕ್ಷ ಎಂದು ಹೇಳಿದಾಗ ದುಡ್ಡಿನ ಮಾತು ಬೇಡ ಎಂದರು, ಆಮೇಲೆ ತಾವೇ ಪಾಸ್‌ಬುಕ್ ಹುಡುಕಿ ಕೊಟ್ಟರು.

ಮನವಿಯನ್ನು ಪೂರ್ತಿ ತಿರುಗಿ ಬರೆಯುತ್ತಿದ್ದೇನೆ. ಓಡಿದ್ದಕ್ಕೆ ಬೇರೆ ಶಿಕ್ಷೆ ಇರಲೇಬೇಕು ಎನ್ನುವುದು ಮೊದಲನೆಯದು, ಸಿಸ್ಟರ್ ಹೇಳಿದ ಮಾತು ನನಗೆ ಅಲ್ಲೇ ನಿಂತಿದೆ. ಆದರೆ 112ಕ್ಕೆ ಫೋನ್ ಮಾಡಿದರೂ ತಿಳಿಸಿದ ಹಾಗೆ ಎಂದು ಕಾನೂನಿನಲ್ಲೇ ಬರೆಯಬೇಕು, ಗುಂಪಿಗೆ ಹೆದರಿ ಠಾಣೆಗೆ ಹೋದವನನ್ನು ಓಡಿದವನ ಸಾಲಿಗೆ ಸೇರಿಸಬಾರದು. ಎರಡೂ ಕಡೆಯ ಟೋಲ್ ರೆಕಾರ್ಡಿಂಗ್ ಮೊದಲ ದಿನವೇ ತೆಗೆಸದೆ ಸಿ ರಿಪೋರ್ಟ್ ಹಾಕಬಾರದು. ಸಿಗದ ಗಾಡಿಯ ಪರಿಹಾರ 2 ಲಕ್ಷಕ್ಕೆ ನಿಲ್ಲಬಾರದು. 10 ವರ್ಷ ಎನ್ನುವ ಅಂಕಿಯನ್ನು ನಾನು ತೆಗೆದೆ. ತಮ್ಮ ಒಪ್ಪುತ್ತಿಲ್ಲ. ಅವನು ಹಳೆಯ ಹಾಳೆಯನ್ನೇ ಕಳಿಸುತ್ತೇನೆ ಎನ್ನುತ್ತಾನೆ. ಅವನಿಗೆ ಅಪ್ಪನ ಮೈ ತೊಳೆದ ನೆನಪಿದೆ, ನಾನು ಅವನಿಗೆ ಏನೂ ಹೇಳಲಾರೆ. ಎರಡು ಮನವಿ ಹೋಗಲಿ.

ಪಕ್ಕದ ಮನೆಯ ಅಣ್ಣನಿಗೆ ಹೊಸದನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇದರಲ್ಲಿ ಓನರ್ ಎಲ್ಲವ್ನೆ?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ವಕೀಲ ಸರ್, ಗಾಡಿ ಮಾಲೀಕರ ಬಗ್ಗೆ ಒಂದು ಸಾಲು ಸೇರಿಸಬೇಕು, ಯಾವ ಕಲಂ ಹೇಳಿ ಬರೆಯಲಿ?

---

ತಾಲ್ಲೂಕು_ವಕೀಲ

ಎರಡು ಬರೆಯಿರಿ. ಒಂದು, ಮೋಟಾರು ವಾಹನ ಕಾಯ್ದೆ 133ನೇ ಕಲಂ. ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವನು ಯಾರು ಎಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ಅದನ್ನು ಮುಚ್ಚಿಟ್ಟ ಮಾಲೀಕನಿಗೂ ಓಡಿದವನಷ್ಟೇ ಶಿಕ್ಷೆ ಆಗಲಿ ಎಂದು ಕೇಳಿ. ಎರಡು, ಡ್ರೈವರ್‌ಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎನ್ನುವುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇದೆ. ಸಾವಾದ ಕೇಸಿನಲ್ಲೆಲ್ಲ ಡ್ರೈವರ್ ಎಷ್ಟು ಗಂಟೆಯಿಂದ ಓಡಿಸುತ್ತಿದ್ದ ಎಂದು ತನಿಖೆಯಲ್ಲಿ ಬರೆಯಲೇಬೇಕು ಎಂದು ಸೇರಿಸಿ. ಕರಡು ಕಳಿಸಿ, ಭಾನುವಾರ ಕೂತು ನೋಡಿಕೊಡುತ್ತೇನೆ.

---

ಈರುಳ್ಳಿ_ಲೋಡ್

ತಂಗಿ, ಆ ಎಂಟು ಗಂಟೆಯ ಸಾಲು ಹಾಕಿದರೆ ನನಗೂ ಒಂದು ಹಾಳೆ ಇಡಿ. ಬುಧವಾರ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತೇನೆ. ಆ ಟೀ ಅಂಗಡಿ ಹತ್ತಿರ ನಿಲ್ಲಿಸುತ್ತೇನೆ, ನಮ್ಮ ಸ್ಟ್ಯಾಂಡಿನ ಇನ್ನೂ ಹದಿನಾಲ್ಕು ಜನರ ಸಹಿ ಮಾಡಿಸಿ ಕೊಡುವ ಜವಾಬ್ದಾರಿ ನನ್ನದು.